ಒಂಬತ್ತನೇ ದಿನದ ಸೋಪು

ಮೂವತ್ತೊಂದು ವರ್ಷ ನಾನು ಹಸುಗೂಸುಗಳನ್ನು ತೂಗಿದ್ದೇನೆ. ತಾಯಿ-ಮಕ್ಕಳ ಕ್ಲಿನಿಕ್ಕಿನಲ್ಲಿ ಬಾಗಿಲ ಎಡಕ್ಕೆ ನನ್ನ ಮೇಜು, ಮೇಜಿನ ಮೇಲೆ ತಕ್ಕಡಿ, ಎದುರಿಗೆ ಹನ್ನೆರಡು ಜನ ಕೂರಬಹುದಾದ ಬೆಂಚು, ಅದರ ಮೇಲೆ ಯಾವಾಗಲೂ ಇಪ್ಪತ್ತು ಜನ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ತಕ್ಕಡಿ ಸಿಸ್ಟರ್ ಎನ್ನುತ್ತಿದ್ದರು. ಮಗು ಎಷ್ಟು ತೂಗುತ್ತದೆ ಎಂದು ತಕ್ಕಡಿ ಹೇಳುತ್ತಿತ್ತು. ಅದನ್ನು ಎತ್ತಿಕೊಂಡು ಬಂದವರ ತಲೆಯಲ್ಲಿ ಎಷ್ಟಿದೆ ಎಂದು ತಿಳಿಯಲು ನನಗೆ ಯಾವ ತಕ್ಕಡಿಯೂ ಬೇಕಿರಲಿಲ್ಲ. ಅವರು ಬಾಯಿ ಬಿಟ್ಟರೆ ಸಾಕಿತ್ತು.

ಬೆಂಚಿನ ಅರ್ಧ ಜನರ ಗೋಳು ಒಂದೇ. "ಸಿಸ್ಟರ್, ಮಗು ಆರು ದಿನದಿಂದ ಕಕ್ಕ ಮಾಡಿಲ್ಲ." ಹೇಳುವಾಗ ಮುಖ ನೋಡಿದರೆ ಮನೆಗೆ ಬೆಂಕಿ ಬಿದ್ದಿದೆ ಅನ್ನಬೇಕು. ಬರೀ ಎದೆಹಾಲು ಕುಡಿಯುವ ಮಗು ಮೊದಲ ತಿಂಗಳು ದಿನಕ್ಕೆ ಎಂಟು ಸಲ ಮಾಡುತ್ತದೆ. ಆರು ವಾರ ದಾಟಿತೋ, ಎಷ್ಟೋ ಮಕ್ಕಳು ಎಂಟು ದಿನಕ್ಕೆ ಒಂದು ಸಲ ಮಾಡಿದರೆ ದೊಡ್ಡದು. ಹಾಲೆಲ್ಲ ಮೈಗೆ ಹತ್ತಿದ ಮೇಲೆ ಹೊರಗೆ ಬರಲು ಏನು ಉಳಿದಿರುತ್ತದೆ? ಇದನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನಗುನಗುತ್ತಾ ವಿವರಿಸಿದೆ. ಎರಡನೇ ವರ್ಷ ನಗದೆ ವಿವರಿಸಿದೆ. ಆಮೇಲೆ ವಿವರಿಸುವುದನ್ನೇ ಬಿಟ್ಟು ಮೂರು ಪ್ರಶ್ನೆ ಇಟ್ಟುಕೊಂಡೆ. ಹಾಲು ಕುಡಿಯುತ್ತಾ? ದಿನಕ್ಕೆ ಆರು ಬಟ್ಟೆ ಒದ್ದೆ ಆಗುತ್ತಾ? ಹೊಟ್ಟೆ ಮೆತ್ತಗಿದೆಯಾ? ಮೂರಕ್ಕೂ ಹೌದು ಎಂದರೆ ತೂಕ ನೋಡಿ, "ಮನೆಗೆ ಹೋಗು. ಮುಂದಿನೋರು ಬನ್ನಿ," ಎನ್ನುತ್ತಿದ್ದೆ. ಒಂದಕ್ಕೆ ಇಲ್ಲ ಎಂದರೆ ಮಾತ್ರ ಡಾಕ್ಟರ ಕೋಣೆ.

ನನ್ನ ಹೆಸರು ಹರಡಿದ್ದು ಈ ಪ್ರಶ್ನೆಗಳಿಂದಲ್ಲ, ಒಂದು ಸೋಪಿನ ಚೂರಿನಿಂದ. ಒಬ್ಬ ಅಜ್ಜಿ ಮಗಳನ್ನೂ ಮಗಳ ಮಗುವನ್ನೂ ಬೆಂಚಿನ ಮೇಲೆ ಕೂರಿಸಿ, ತಾನೇ ಮೇಜಿನ ಹತ್ತಿರ ಬಂದು ಕರವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಸೋಪಿನ ಚೂರು. ಕಿರುಬೆರಳಿಗಿಂತ ಸಣ್ಣದು, ಒಂದು ತುದಿ ಚೂಪು. "ಏಳು ದಿನ ಆಯ್ತು ಸಿಸ್ಟರ್. ಹಿಂದಿನಿಂದ ಇದನ್ನಿಟ್ರೆ ಬಂದ್ಬಿಡುತ್ತೆ. ನನ್ನ ಕೈ ನಡುಗುತ್ತೆ, ನೀವೇ ಇಟ್ಟುಕೊಡಿ," ಎಂದಳು. ಚೂರನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಮೂಲೆಯ ಬೇಸಿನ್ನಿಗೆ ಹೋದೆ. ನಲ್ಲಿ ತಿರುಗಿಸಿ, ಮೊಣಕೈವರೆಗೆ ನೊರೆ ಬರಿಸಿ, ಒಂದೊಂದೇ ಬೆರಳನ್ನು ಉಜ್ಜಿ, ಇಡೀ ಬೆಂಚು ನೋಡುವ ಹಾಗೆ ಕೈ ತೊಳೆದೆ. ಆಮೇಲೆ ತಿರುಗಿ, "ಸೋಪು ಇರೋದು ಇದಕ್ಕೆ, ಅಜ್ಜಿ," ಎಂದೆ. ಬೆಂಚು ಗೊಳ್ಳೆಂದು ನಕ್ಕಿತು.

ಅಂದಿನಿಂದ ನಾಲ್ಕು ಜನ ಸೇರಿದಲ್ಲೆಲ್ಲ ನನಗೆ ಆ ಕಥೆ ಹೇಳುವುದೇ ಕೆಲಸ. ಅಜ್ಜಿಯ ಮುಖವನ್ನೂ ಮಾಡಿ ತೋರಿಸುತ್ತಿದ್ದೆ. ಜೋತುಬಿದ್ದ ಕೆಳದುಟಿ, ನೆಲದಲ್ಲಿ ಏನೋ ಹುಡುಕುವ ಕಣ್ಣು, ಅಂಗೈಯಲ್ಲಿ ಇನ್ನೂ ಬಿಚ್ಚಿಕೊಂಡೇ ಇದ್ದ ಖಾಲಿ ಕರವಸ್ತ್ರ. ನನ್ನ ಸೊಸೆ ಮದುವೆಗೆ ಮುಂಚೆ ಮೊದಲ ಸಲ ಮನೆಗೆ ಬಂದ ದಿನವೇ ಅದನ್ನು ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಹುಡುಗಿಗೆ ಬುದ್ಧಿಯಿದೆ ಎಂದು ನಾನು ಅಂದೇ ತೀರ್ಮಾನಿಸಿದೆ.

ನಾನು ನಿವೃತ್ತಿಯಾಗಿ ಎರಡು ವರ್ಷಕ್ಕೆ ಅವಳಿಗೆ ಹೆಣ್ಣುಮಗು ಹುಟ್ಟಿತು. ಮೂರನೇ ಮಹಡಿಯಲ್ಲಿ ನಮ್ಮದು ಮೂರು ಕೋಣೆಯ ಮನೆ. ಬೆಂಚೊಂದು ಇಲ್ಲ ಅನ್ನುವುದು ಬಿಟ್ಟರೆ, ಮಗು ಬಂದ ಮೇಲೆ ಅದಕ್ಕೂ ಕ್ಲಿನಿಕ್ಕಿಗೂ ವ್ಯತ್ಯಾಸ ಉಳಿಯಲಿಲ್ಲ.

ನನ್ನ ಮಗ ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವವನು. ಅವನ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ: ಹೊತ್ತಿಗೆ ಸರಿಯಾಗಿ ಬರುವಂಥವು, ಮೆಮೊ ಕೊಡಬೇಕಾದಂಥವು. ಮೊದಲ ತಿಂಗಳು ಡಿಪೋದಿಂದ ದಿನಕ್ಕೆರಡು ಸಲ ಫೋನು ಮಾಡಿ, "ಇವತ್ತು ಎಷ್ಟು ಟ್ರಿಪ್ ಆಯ್ತು?" ಎಂದು ಕೇಳುತ್ತಿದ್ದ. ಹೆತ್ತ ಮಗಳ ಕಕ್ಕವನ್ನು ಟ್ರಿಪ್ ಎಂದು ಕರೆಯುವವನನ್ನು ಹೆತ್ತವಳು ನಾನೇ. ಯಾರನ್ನು ಬೈಯಲಿ?

ಎರಡನೆಯವರು ಬೀಗತಿ, ಸೊಸೆಯ ತಾಯಿ. ಬಾಣಂತಿ ಮಗಳಿಗೆ ನೆರವಾಗಲು ಎರಡು ತಿಂಗಳಿಗೆಂದು ಬಂದಿದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಪರರ ಮಕ್ಕಳ ಹಾಜರಿ ಕೂಗಿ ಕೂಗಿ, ಹಾಜರಿ ತೆಗೆದುಕೊಳ್ಳದೆ ಊಟ ಸೇರದಂತಾಗಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೊಮ್ಮಗಳ ಪ್ರತಿಯೊಂದು ಕಕ್ಕಕ್ಕೂ ಹಸಿರು ಪೆನ್ನಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ನೆರವು ಎಂದರೆ ಇಷ್ಟೇ. ಬಟ್ಟೆ ಒಗೆಯುವವಳು ನಾನು, ಗೀಟು ಎಳೆಯುವವರು ಅವರು.

ಏಳನೇ ವಾರ ಗೀಟು ನಿಂತಿತು. ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಮೊದಲ ದಿನ ಯಾರೂ ಸೊಪ್ಪು ಹಾಕಲಿಲ್ಲ. ಎರಡನೇ ದಿನ ಬೀಗತಿ ಕೆಂಪು ಪೆನ್ನು ಹುಡುಕಿ ತಂದು ಎರಡೂ ದಿನಕ್ಕೆ ಸೊನ್ನೆ ಬರೆದರು. ನಾಲ್ಕನೇ ದಿನ ಮಗ ಊಟದ ಮೇಜಿನಲ್ಲಿ ತಟ್ಟೆ ತಳ್ಳಿ, "ನಾಲ್ಕು ದಿನ ಸರ್ವಿಸ್ಸೇ ಇಲ್ಲ ಅಂದ್ರೆ ಇದು ನಾರ್ಮಲ್ ಹೇಗಾಗುತ್ತಮ್ಮ?" ಎಂದ. ಐದನೇ ದಿನ ಬೀಗತಿ ಪೇಟೆಗೆ ಹೋಗಿ ಪುಡಿಹಾಲಿನ ಡಬ್ಬ ತಂದು, ಅಡುಗೆಮನೆಯ ಕಪಾಟಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟರು. ಡಬ್ಬದ ಮೇಲೆ ಒಂದು ಗುಂಡು ಮಗು ನಗುತ್ತಿತ್ತು. ಅದು ಡಬ್ಬದ ಹಾಲು ಕುಡಿದು ನಕ್ಕಿದ್ದೋ, ಕೊಂಡವರನ್ನು ನೋಡಿ ನಕ್ಕಿದ್ದೋ, ಯಾರು ಬಲ್ಲರು.

"ನಾನೇನೂ ಒತ್ತಾಯ ಮಾಡಲ್ಲ ಬೀಗರೇ," ಎಂದರು. "ತಾಯಿ ಹಾಲಲ್ಲಿ ಸತ್ವ ಇಲ್ದೇ ಹೋದ್ರೆ ಮಗು ಪಾಪ ಏನು ಮಾಡುತ್ತೆ? ಬರೀ ನೀರು ಕುಡಿದ ಹಾಗೆ."

"ನೀರು ಕುಡಿದೇ ಕೆನ್ನೆ ಇಷ್ಟು ಬಂದಿದೆಯಾ?" ಎಂದೆ ನಾನು. "ಹಾಗಿದ್ರೆ ನಾಳೆಯಿಂದ ನಾವೆಲ್ಲ ನೀರೇ ಕುಡಿಯೋಣ, ಅಡುಗೆ ಕೆಲಸ ತಪ್ಪುತ್ತೆ."

ಮಗನಿಗೆ ನನ್ನ ಮಾತು ಸಾಲಲಿಲ್ಲ. ಮನೆಯ ಅಮ್ಮ ಹೇಳಿದ್ದು ಎಂದರೆ ಮಾತೇ ಅಲ್ಲವಲ್ಲ. ಆರನೇ ದಿನ ರಜೆ ಹಾಕಿ ಮಗುವನ್ನೂ ಹೆಂಡತಿಯನ್ನೂ ನನ್ನ ಹಳೇ ಕ್ಲಿನಿಕ್ಕಿಗೇ ಕರೆದುಕೊಂಡು ಹೋದ. ಅಲ್ಲಿನ ಹೊಸ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ತೂಗಿ, ಎರಡು ವಾರದಲ್ಲಿ ನಾನೂರು ಗ್ರಾಂ ಏರಿದೆ ಎಂದು ತೋರಿಸಿ, ನಾನು ಹೇಳಿದ್ದನ್ನೇ ಹೇಳಿದಳು. ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಹಸಿರು ವಾಂತಿ ಮಾಡಿದರೆ, ರಕ್ತ ಕಂಡರೆ, ಹಾಲು ಬಿಟ್ಟರೆ ತಕ್ಷಣ ಬನ್ನಿ, ಇಲ್ಲದಿದ್ದರೆ ಸುಮ್ಮನಿರಿ ಎಂದು ಕಳಿಸಿದಳು. ಇವನು ಮುಖ ಊದಿಸಿಕೊಂಡು ಮೆಟ್ಟಿಲು ಹತ್ತಿ ಬಂದ. "ಒಂದು ಔಷಧಿ ಚೀಟಿನೂ ಬರೆದಿಲ್ಲಮ್ಮ. ಎಂಥ ಡಾಕ್ಟರು!" ಚೀಟಿ ಬರೆಯದವರು ಡಾಕ್ಟರೇ ಅಲ್ಲ ಎನ್ನುವ ಈ ಜಾತಿಯನ್ನು ನಾನು ಮೂವತ್ತೊಂದು ವರ್ಷ ಬೆಂಚಿನ ಮೇಲೆ ನೋಡಿದ್ದೆ. ಅದು ನನ್ನ ಮನೆಯಲ್ಲೇ ಅನ್ನ ತಿಂದು ಬೆಳೆಯುತ್ತಿದೆ ಎಂದು ಗೊತ್ತಿರಲಿಲ್ಲ.

ಎಂಟನೇ ದಿನ ಸಂಜೆ ಅಳಿಯ-ಅತ್ತೆ ಸೇರಿ ತೀರ್ಪು ಕೊಟ್ಟರು. "ನಾಳೆ ಸಂಜೆ ಆರು ಗಂಟೆ," ಎಂದ ಮಗ. "ಅಷ್ಟರೊಳಗೆ ಆಗದಿದ್ರೆ ಡಬ್ಬ ತೆಗೆಯೋದೇ."

"ಆರು ಗಂಟೆಗೇನಪ್ಪ ವಿಶೇಷ? ಮಗು ಹೊಟ್ಟೆ ಆರು ಗಂಟೆಗೆ ಡಿಪೋಗೆ ವಾಪಸ್ ಬರುತ್ತಾ?"

"ನೀವು ತಮಾಷೆ ಮಾಡ್ತಾ ಇರಿ ಬೀಗರೇ," ಎಂದರು ಬೀಗತಿ, ಮುಂದಿನ ಸೊನ್ನೆಗೆ ಆಗಲೇ ಪೆನ್ನಿನ ಮುಚ್ಚಳ ತೆಗೆದು.

ಸೊಸೆ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತಳು. ಮೊದಲ ಮೂರು ವಾರ ಅವಳು ಪಟ್ಟ ಪಾಡು ನನಗೆ ಗೊತ್ತು. ಮೊಲೆತೊಟ್ಟು ಒಡೆದು ರಕ್ತ ಬರುತ್ತಿತ್ತು. ಮಗು ಬಾಯಿ ಹಾಕಿದಾಗಲೆಲ್ಲ ಹಲ್ಲು ಕಚ್ಚಿ, ದಿಂಬನ್ನು ಹಿಂಡಿ, ಆದರೂ ಬಿಡದೆ ಹಾಲು ಉಳಿಸಿಕೊಂಡವಳು. ಒಂದು ಸಲ ಡಬ್ಬ ತೆಗೆದರೆ ಏನಾಗುತ್ತದೆ ಎಂದೂ ನನಗೆ ಗೊತ್ತಿತ್ತು. ಮೊದಲು ಸಂಜೆಗೊಂದು ಬಾಟಲಿ, ಆಮೇಲೆ ಬೆಳಿಗ್ಗೆಗೊಂದು, ತಿಂಗಳೊಳಗೆ ಎದೆ ಬತ್ತಿ, 'ನನ್ನ ಹಾಲೇ ಸರಿಯಿರಲಿಲ್ಲ' ಎಂದು ಜೀವನಪೂರ್ತಿ ನಂಬುವ ಇನ್ನೊಬ್ಬಳು ತಾಯಿ. ಇಂಥವರನ್ನು ನಾನು ನೂರಾರು ನೋಡಿದ್ದೆ.

"ಅತ್ತೆ, ಎಲ್ರೂ ನನ್ನ ಹಾಲೇ ಸರಿ ಇಲ್ಲ ಅಂತಾರೆ," ಎಂದಳು. "ನೀವೊಬ್ರೇ ಏನೂ ಆಗಿಲ್ಲ ಅನ್ನೋದು. ನಾನು ನಿಮ್ಮ ಮಾತು ಹಿಡ್ಕೊಂಡೇ ನಿಂತಿದೀನಿ. ಇನ್ನೊಂದ್ಸಲ ಹೇಳಿ."

"ಏನೂ ಆಗಿಲ್ಲ. ಹೋಗಿ ಮಲಗು."

ಒಂಬತ್ತನೇ ದಿನ ಬೆಳಿಗ್ಗೆ ಮಗ ಡಿಪೋಗೆ ಹೋದ. ಬೀಗತಿ ಕನ್ನಡಕ ಬದಲಾಯಿಸಲು ಹೋದರು, ಸೊನ್ನೆ ಸರಿಯಾಗಿ ಕಾಣುತ್ತಿರಲಿಲ್ಲವೇನೋ. ಮಧ್ಯಾಹ್ನ ಮಗುವಿಗೆ ಹಾಲು ಕುಡಿಸಿದ ಸೊಸೆಯನ್ನು ನಾನೇ ಗದರಿಸಿ ಮಲಗಿಸಿ, ಬಾಗಿಲು ಎಳೆದುಕೊಂಡು, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕಿಟಕಿಯ ಪಕ್ಕ ಕೂತೆ.

ಮಗು ತಿಣುಕಿತು. ಮುಖ ಕೆಂಪಾಗಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಮುಷ್ಟಿ ಬಿಗಿದು ತಿಣುಕಿತು. ಪುರ್ರೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಬಟ್ಟೆ ಬಿಚ್ಚಿ ನೋಡಿದೆ. ಒದ್ದೆ, ಅಷ್ಟೇ. ಹೊಟ್ಟೆ ಮುಟ್ಟಿದೆ. ಮೆತ್ತಗಿತ್ತು. ಎರಡು ನಿಮಿಷ ಬಿಟ್ಟು ಮತ್ತೆ ಮುಟ್ಟಿದೆ. ಮೆತ್ತಗಿತ್ತು, ಆದರೆ ಮೊದಲಿನಷ್ಟು ಮೆತ್ತಗಿದೆಯೇ? ಮೂರನೇ ಸಲ ಮುಟ್ಟಿದಾಗ ನನ್ನ ಬೆರಳಿಗೆ ಏನು ತಿಳಿಯುತ್ತಿದೆ ಎಂದೇ ತಿಳಿಯಲಿಲ್ಲ. ಸಾವಿರಾರು ಹೊಟ್ಟೆ ಮುಟ್ಟಿದ ಬೆರಳು. ಅವೆಲ್ಲ ಯಾರದೋ ಮಕ್ಕಳ ಹೊಟ್ಟೆ.

ಗಡಿಯಾರ ನೋಡಿದೆ. ಮೂರೂವರೆ. ಆರು ಗಂಟೆಗೆ ಅವರಿಬ್ಬರೂ ಬಂದು ಡಬ್ಬಕ್ಕೆ ಕೈ ಹಾಕುತ್ತಾರೆ. ಅಷ್ಟರೊಳಗೆ ಮಗು ಒಂದು ಸಲ ಮಾಡಿಬಿಟ್ಟರೆ? ಸೊಸೆಯ ಹಾಲು ಉಳಿಯುತ್ತದೆ ಎಂದು ಮೊದಲು ಅಂದುಕೊಂಡೆ. ಅದರ ಹಿಂದೆಯೇ, ಬೀಗತಿಯ ಮೂಗಿನ ಕೆಳಗೆ ಆ ಬಟ್ಟೆ ಹಿಡಿದು 'ನೋಡಿ' ಎನ್ನುವುದನ್ನೂ ನೆನೆದೆ. ಯಾವುದು ಹೆಚ್ಚು ರುಚಿಸಿತು ಎಂದು ಕೇಳಬೇಡಿ. ಇವೆರಡರ ಕೆಳಗೆ ಮೂರನೆಯದೊಂದಿತ್ತು, ಬರೀ ಭಯ. ಮಗು ಮತ್ತೆ ತಿಣುಕಿ, ನೋವಾದಂತೆ ಒಂದು ಸಣ್ಣ ದನಿ ತೆಗೆಯಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಎದ್ದು ಬಚ್ಚಲಿಗೆ ಹೋದೆ. ಕಪಾಟಿನಿಂದ ಹೊಸ ಸೋಪಿನ ಕಾಗದ ಬಿಚ್ಚಿದೆ. ಅಡುಗೆಮನೆಯ ಚಾಕು ತಂದೆ. ಹೇಗೆ ಕೆತ್ತಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ, ಆದರೂ ಕಿರುಬೆರಳಿಗಿಂತ ಸಣ್ಣ, ಒಂದು ತುದಿ ಚೂಪಾದ ಚೂರು ಎರಡೇ ನಿಮಿಷದಲ್ಲಿ ನನ್ನ ಕೈಯಲ್ಲಿತ್ತು. ಇಷ್ಟು ವರ್ಷ ಅಣಕಿಸಿದ್ದರ ಫಲ. ಮಂಚದ ಮೇಲೆ ಟವೆಲು ಹಾಸಿ ಮಗುವನ್ನು ಮಲಗಿಸಿ, ಎಡಗೈಯಲ್ಲಿ ಎರಡೂ ಕಾಲು ಸೇರಿಸಿ ಎತ್ತಿ ಹಿಡಿದೆ. ಚೂರಿನ ತುದಿಯನ್ನು ನೀರಲ್ಲಿ ಅದ್ದಿದೆ. ಮಗು ನನ್ನನ್ನೇ ನೋಡಿ ನಕ್ಕಿತು. ನಗಲು ಕಲಿತು ಮೂರು ದಿನವೂ ಆಗಿರಲಿಲ್ಲ.

"ಅತ್ತೆ."

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆಯಿತ್ತು. ಅವಳ ಕಣ್ಣು ಮೊದಲು ಮಗುವಿನ ಮೇಲೆ, ಆಮೇಲೆ ನನ್ನ ಕೈಯ ಮೇಲೆ, ಆಮೇಲೆ ನನ್ನ ಮುಖದ ಮೇಲೆ ಬಂತು. ಕಿರುಚುತ್ತಾಳೆ ಎಂದುಕೊಂಡೆ. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ, ಜಗಳದಲ್ಲಿ ಎಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು. ಅವಳು ಹತ್ತಿರ ಬಂದು ಅಂಗೈ ಚಾಚಿದಳು. ನಾನು ಚೂರನ್ನು ಕೊಟ್ಟೆ.

ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬೇಸಿನ್ನಿಗೆ ಹೋದಳು. ನಲ್ಲಿ ತಿರುಗಿಸಿದಳು. ಮೊಣಕೈವರೆಗೆ ನೊರೆ ಬರಿಸಿದಳು. ಒಂದೊಂದೇ ಬೆರಳನ್ನು ಉಜ್ಜಿದಳು. ಎಷ್ಟು ನಿಧಾನವಾಗಿ ಎಂದರೆ, ನಾನು ಕೂಡ ಕ್ಲಿನಿಕ್ಕಿನಲ್ಲಿ ಅಷ್ಟು ನಿಧಾನ ಮಾಡಿರಲಿಲ್ಲ. ಉಳಿದ ಚೂರನ್ನು ಬೇಸಿನ್ನಿನ ಅಂಚಿನಲ್ಲಿಟ್ಟು, ಒದ್ದೆ ಕೈಯಲ್ಲೇ ತಿರುಗಿ ನಿಂತಳು.

"ಹಾಲು ಕುಡಿತಿದಾಳಾ?" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಅದು ಈ ಎಂಟು ದಿನ ನಾನೇ ಅವಳಿಗೆ ಕೇಳುತ್ತಿದ್ದ ಪ್ರಶ್ನೆ.

"ಕುಡಿತಿದಾಳೆ," ಎಂದೆ.

"ಆರು ಬಟ್ಟೆ ಒದ್ದೆ ಆಗುತ್ತಾ?"

"ಆಗುತ್ತೆ."

"ಹೊಟ್ಟೆ ಮೆತ್ತಗಿದೆಯಾ?"

"ಮೆತ್ತಗಿದೆ."

ಮಗುವನ್ನು ಎತ್ತಿಕೊಂಡು ಬಟ್ಟೆ ಕಟ್ಟಿ ತನ್ನ ಕೋಣೆಗೆ ಹೋದಳು. ಮನೆಗೆ ಹೋಗು ಎಂದು ಹೇಳಲಿಲ್ಲ. ಹೇಳಿದರೆ ನಾನು ಎಲ್ಲಿಗೆ ಹೋಗಬೇಕಿತ್ತು? ಖಾಲಿ ಟವೆಲನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಬಿದ್ದ ಹಲ್ಲಿಗೂ ಇಷ್ಟು ನಾಚಿಕೆಯಾಗಿರಲಿಕ್ಕಿಲ್ಲ.

ಆರು ಗಂಟೆಗೆ ಸರಿಯಾಗಿ ಮಗ ಬಂದ. ಬೀಗತಿ ಹೊಸ ಕನ್ನಡಕದೊಳಗಿನಿಂದ ಕ್ಯಾಲೆಂಡರು ನೋಡಿ, ಒಂಬತ್ತನೇ ಸೊನ್ನೆಯನ್ನು ಗುಂಡಗೆ ಬರೆದು, ಡಬ್ಬವನ್ನು ಮೇಜಿನ ಮೇಲಿಟ್ಟು, ಚಮಚದಿಂದ ಮುಚ್ಚಳ ಮೀಟಲು ಹೋದವರು ನನ್ನ ಕಡೆ ತಿರುಗಿದರು. "ಏನಂತೀರಿ ಬೀಗರೇ? ಈಗಲೂ ಏನೂ ಆಗಿಲ್ವಾ?"

ನಾನು ಬಾಯಿ ತೆರೆದೆ.

"ಅತ್ತೇನ ಯಾಕಮ್ಮ ಕೇಳ್ತೀಯ?" ಎಂದಳು ಸೊಸೆ. ಮಗು ಅವಳ ಹೆಗಲ ಮೇಲಿತ್ತು. "ಹಾಲು ಕೊಡೋಳು ನಾನು. ನಾನು ಹೇಳ್ತೀನಿ, ಡಬ್ಬ ತೆಗೆಯೋ ಹಾಗಿಲ್ಲ. ಡಾಕ್ಟ್ರು ಹೇಳಿದ್ರಲ್ಲಿ ಒಂದಾದ್ರೂ ಕಂಡ್ರೆ ನಾನೇ ಎತ್ಕೊಂಡು ಓಡ್ತೀನಿ. ಅಲ್ಲೀವರೆಗೂ ಯಾರೂ ಮುಟ್ಬೇಡಿ." ಗಂಡನ ಕಡೆ ತಿರುಗಿ, "ಮತ್ತೆ ಇನ್ಮೇಲೆ ಟ್ರಿಪ್ ಗಿಪ್ ಅಂದ್ರೆ ನೋಡಿ," ಎಂದಳು.

ಮಗ ಡಬ್ಬವನ್ನು ಕಪಾಟಿಗೆ ವಾಪಸ್ ಇಟ್ಟ. ನನ್ನ ಮಾತಿಗೆ ಎಂಟು ದಿನ ಜಗ್ಗದವರು ಅವಳ ಮಾತಿಗೆ ಒಂದು ನಿಮಿಷದಲ್ಲಿ ಜಗ್ಗಿದರು. ಅವಳ ಹಾಲು ಉಳಿಯಿತು. ನಾನು ಉಳಿಸಿದ್ದಲ್ಲ. ಅಂದಿನಿಂದ ಅವಳು ನನ್ನನ್ನು 'ಇನ್ನೊಂದ್ಸಲ ಹೇಳಿ' ಎಂದು ಕೇಳಲೇ ಇಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ, ಬೀಗತಿಯ ಮಡಿಲಲ್ಲೇ, ಮಗು ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಕೊಟ್ಟಿತು. ಹಳದಿ, ಮೆತ್ತಗೆ, ಕುತ್ತಿಗೆವರೆಗೆ. ಬೀಗತಿ ಸೀರೆ ಹಾಳಾದದ್ದನ್ನೂ ಮರೆತು ಹಸಿರು ಪೆನ್ನಿಗೆ ಓಡಿದರು. ಮಗ ಡಿಪೋದಿಂದ ಫೋನಿನಲ್ಲೇ ಕೂಗಿದ. ಸಂಜೆ ಇಬ್ಬರೂ ನನ್ನ ಮುಂದೆ ತಪ್ಪೊಪ್ಪಿಕೊಂಡರು. "ನೀವು ಹೇಳಿದ ಹಾಗೇ ಆಯ್ತು ಬೀಗರೇ. ನಮಗೇ ಧೈರ್ಯ ಸಾಲ್ಲಿಲ್ಲ."

"ಹೌದಮ್ಮ," ಎಂದಳು ಸೊಸೆ, ನನ್ನ ಕಡೆ ನೋಡದೆ. "ಅತ್ತೆ ಮೊದ್ಲಿಂದಾನೂ ಹೇಳ್ತಾನೇ ಇದ್ರು."

ಒಂಬತ್ತನೇ ದಿನದ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿ ಮರ್ಯಾದೆ ಕಳೆದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಯಾರಿಗೂ ಹೇಳದಿರುವ ಈ ಉಪಕಾರವನ್ನು ನಾನು ಅಜ್ಜಿಗೆ ಮಾಡಿರಲಿಲ್ಲ. ಬೇಸಿನ್ನಿನ ಅಂಚಿನ ಆ ಚೂರನ್ನು ಮಾತ್ರ ಅವಳು ಎಸೆಯಲಿಲ್ಲ. ಅದರಲ್ಲೇ ದಿನವೂ ಕೈ ತೊಳೆದಳು, ಅದು ಸವೆದು ಉಗುರಿನಷ್ಟಾಗಿ ತೂತಿನೊಳಗೆ ಜಾರಿ ಹೋಗುವವರೆಗೆ.

ಮುಂದಿನ ಭಾನುವಾರ ಮಗುವನ್ನು ನೋಡಲು ಡಿಪೋದ ನಾಲ್ವರು ತಂತಮ್ಮ ಹೆಂಡತಿಯರ ಜೊತೆ ಬಂದರು. ಕೋಣೆ ತುಂಬಿತು. ಮಾತು ಕಕ್ಕದ ಕಡೆಗೇ ಬಂತು, ಬರದೆ ಇರುತ್ತದೆಯೇ. ಬೀಗತಿ ನನ್ನ ತೋಳು ಹಿಡಿದು ಅಲುಗಿಸಿದರು. "ಬೀಗರೇ, ಆ ಸೋಪಿನ ಅಜ್ಜಿ ಕಥೆ ಹೇಳಿ. ಮುಖ ಮಾಡಿ ತೋರಿಸಬೇಕು, ಆಗಲೇ ಮಜಾ!"

ಬೇಡ ಎಂದೆ. ಕೇಳಲಿಲ್ಲ. ಹೇಳಿದೆ. ಬೆಂಚು, ಕರವಸ್ತ್ರ, ನಲ್ಲಿ, ಎಲ್ಲ ಬಂತು. ಎದುರಿನ ಕುರ್ಚಿಯಲ್ಲಿ ಸೊಸೆ ಮಗುವಿನ ಬೆನ್ನು ತಟ್ಟುತ್ತಾ ಕೂತಿದ್ದಳು. ಅಜ್ಜಿಯ ಮುಖದ ಜಾಗ ಬಂದಾಗ ನಾನು ಕಣ್ಣೆತ್ತಿ ಅವಳನ್ನು ನೋಡಿದೆ, ಅವಳೂ ನೋಡಿದಳು. ನಾನು ಏನನ್ನೂ ಮಾಡಬೇಕಾಗಲಿಲ್ಲ. ಕೆಳದುಟಿ ತಾನಾಗಿ ಜೋತುಬಿತ್ತು, ಕಣ್ಣು ತಾನಾಗಿ ನೆಲಕ್ಕೆ ಹೋಯಿತು.

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. "ಅಯ್ಯಯ್ಯೋ," ಎಂದರು ಬೀಗತಿ, ಹೊಸ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ, "ಈ ಸಲ ಥೇಟ್ ಆ ಅಜ್ಜೀನೇ ಬಂದು ಕೂತ ಹಾಗಿತ್ತು ಬೀಗರೇ!"

ಸೊಸೆ ಮಾತ್ರ ನಗಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅದಕ್ಕೆ ಹಾಲಿನ ಹೊತ್ತಾಗಿತ್ತು.